ರ‍್ಯಾಂಕಿಗೆ ಸಿಗದ ಪ್ರಯಾಣಿಕರು

ನಾನು ಲಿಂಗಸುಗೂರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಮನೆ ಸಿಂಧನೂರಿನಲ್ಲಿ. ವಾರಕ್ಕೆ ಆರು ದಿನ ಬೆಳಗಿನ ಬಸ್ಸು ಹಿಡಿದು, ಮಸ್ಕಿ ದಾಟಿ, ಲಿಂಗಸುಗೂರಿನಲ್ಲಿ ಇಳಿದು, ಸಂಜೆ ಅದೇ ದಾರಿಯಲ್ಲಿ ವಾಪಸ್ಸು ಬರುತ್ತೇನೆ. ಗದ್ದೆಗೆ ಯಾವಾಗ ನೀರು ಬಿಟ್ಟರು, ಯಾವಾಗ ಕೊಯ್ಲಿನ ಮಷೀನು ಇಳಿಯಿತು ಎಂಬುದೆಲ್ಲ ನನಗೆ ಗೊತ್ತಾಗುವುದು ಬಸ್ಸಿನ ಕಿಟಕಿಯಿಂದಲೇ.

ಕರೋನಾ ಮುಗಿದು ಬಸ್ಸುಗಳು ಮತ್ತೆ ರಸ್ತೆಗಿಳಿದಾಗ ಹಳೆಯ ವೇಳೆಗಳೆಲ್ಲ ಅದಲುಬದಲಾಗಿದ್ದವು. ಯಾವ ಬಸ್ಸು ಉಳಿದಿದೆ, ಯಾವುದು ನಿಂತುಹೋಗಿದೆ ಎಂದು ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಒಂದು ಬೆಳಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಒಂದೂವರೆ ತಾಸು ನಿಂತು, ಕೊನೆಗೆ ಬಸ್ಸೇ ಬರದೆ, ಊಟದ ಡಬ್ಬಿ ಹಿಡಿದುಕೊಂಡು ಮನೆಗೆ ಮರಳಿದೆ. ಅಪ್ಪ ಬಾಗಿಲಲ್ಲೇ ಕುಳಿತಿದ್ದ.

"ಯಾಕವ್ವಾ, ರಜಾ ಐತೇನು?" ಎಂದು ಕೇಳಿದ.

"ರಜಾ ಅಲ್ಲಪ್ಪಾ, ಬಸ್ಸ ಇಲ್ಲ. ಯಾವಾಗ ಬರತೈತಿ ಅಂತ ಹೇಳೋರೂ ಇಲ್ಲ."

ಅಪ್ಪನಿಗೆ ಆ ಮಾತು ತನ್ನನ್ನೇ ಬೈದಂತೆ ಕೇಳಿಸಿತು. ಅವನು ಮೂವತ್ತು ವರ್ಷ ಇದೇ ದಾರಿಯಲ್ಲಿ ಕಂಡಕ್ಟರ್ ಆಗಿದ್ದವನು. ನಮ್ಮ ಮನೆತನದಲ್ಲಿ ಅವನಿಗಿಂತ ಮೊದಲು ಯಾರೂ ತಿಂಗಳ ಸಂಬಳ ಕಂಡವರಲ್ಲ. ಬೇರೆಯವರ ಹೊಲದಲ್ಲಿ ದುಡಿದವರ ಮಗ ಖಾಕಿ ಅಂಗಿ ತೊಟ್ಟು, ಟಿಕೆಟ್ಟಿನ ಚೀಲ ಹಾಕಿಕೊಂಡು ಬಸ್ಸಿನ ಬಾಗಿಲಲ್ಲಿ ನಿಂತಾಗ, ಊರಿನ ದೊಡ್ಡ ದೊಡ್ಡವರೂ "ಕಂಡಕ್ಟ್ರ, ಸೀಟ್ ಐತೇನ್ರಿ?" ಎಂದು ಬಹುವಚನದಲ್ಲಿ ಕೇಳಬೇಕಾಗಿತ್ತು. ಆ 'ರಿ'ಯನ್ನು ಅಪ್ಪ ಈಗಲೂ ಒತ್ತಿ ಹೇಳುತ್ತಾನೆ.

ಮರುದಿನದಿಂದ ಅವನು ಬಸ್‌ಸ್ಟ್ಯಾಂಡಿಗೆ ಹೋಗಿ ಕೂರತೊಡಗಿದ. ಕಂಟ್ರೋಲರ್ ಕೋಣೆಯ ಪಕ್ಕದ ಬೆಂಚಿನ ಮೇಲೆ ಬೆಳಗಿನಿಂದ ಸಂಜೆಯವರೆಗೆ ಕೂತು, ಬಂದ ಬಸ್ಸು ಹೋದ ಬಸ್ಸು ಎಲ್ಲವನ್ನೂ ಬರೆದುಕೊಂಡ. ಆಮೇಲೆ ಮಸ್ಕಿಗೆ ಹೋಗಿ ಎರಡು ದಿನ, ಲಿಂಗಸುಗೂರಿನಲ್ಲಿ ಎರಡು ದಿನ. ವಾರ ಮುಗಿದಾಗ ಪುಸ್ತಕವನ್ನು ನನ್ನ ಮುಂದಿಟ್ಟು, "ಇದನ್ನ ನಿನ್ನ ಕಂಪ್ಯೂಟರಿನಾಗ ಹಾಕು. ನೀ ಕಲಿತಿದ್ದು ಮಂದಿಗೆ ಉಪಯೋಗ ಆಗ್ಲಿ" ಎಂದ.

ನಾನು ಒಂದು ಸಣ್ಣ ವೆಬ್‌ಸೈಟು ಮಾಡಿದೆ. ಮೂರು ಊರಿಗೆ ಮೂರು ಪುಟ. ಚಿತ್ರವಿಲ್ಲ, ಬಣ್ಣವಿಲ್ಲ. ದಾರಿಯಲ್ಲಿ ಸಿಗ್ನಲ್ ಅರ್ಧ ಸತ್ತಿರುವ ಕಡೆಯೂ ತೆರೆಯಬೇಕು ಎಂದು ಹಗುರವಾಗಿ ಮಾಡಿದ್ದೆ. ಅಪ್ಪ ಅದನ್ನು ತನ್ನ ಫೋನಿನಲ್ಲಿ ನೋಡಿ ಒಂದೇ ತಕರಾರು ತೆಗೆದ: "ಅಕ್ಷರ ದೊಡ್ಡು ಮಾಡು. ಬಸ್‌ಸ್ಟ್ಯಾಂಡಿನಾಗ ಎಲ್ಲಾರೂ ಚಷ್ಮಾ ಹಾಕ್ಕೊಂಡು ನಿಂತಿರಂಗಿಲ್ಲ."

ಬಸ್ಸಿನ ವೇಳೆ ಬದಲಾದಾಗಲೆಲ್ಲ ಅಪ್ಪ ಕಂಟ್ರೋಲರುಗಳಿಗೆ ಫೋನು ಮಾಡಿ ವಿಚಾರಿಸುತ್ತಿದ್ದ, ನಾನು ತಿದ್ದುತ್ತಿದ್ದೆ. ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾದ ಮೇಲಂತೂ ಬೆಳಗಿನ ಬಸ್ಸುಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಸ್ಸು ಯಾವಾಗ ಎಂದು ಕೇಳುವವರೂ ಹೆಚ್ಚಿದರು. ನಮ್ಮ ಬಸ್ಸಿನಲ್ಲೇ ಯಾರೋ ಯಾರಿಗೋ "ಆ ಸೈಟಿನ್ಯಾಗ ನೋಡ್ರಿ, ಬರೋಬ್ಬರಿ ಇರತೈತಿ" ಎನ್ನುವುದು ನನ್ನ ಕಿವಿಗೆ ಬೀಳುತ್ತಿತ್ತು. ನಾನು ಕಿಟಕಿ ಕಡೆ ಮುಖ ಮಾಡಿ ಸುಮ್ಮನೆ ಕೂರುತ್ತಿದ್ದೆ. ನಾನೇ ಅದನ್ನು ಮಾಡಿದವಳು ಎಂದು ಹೇಳಿಕೊಳ್ಳಲು ನಾಚಿಕೆ, ಹೇಳದಿರಲು ಸಂಕಟ.

ಹೀಗಿರುವಾಗ ಕಾಲೇಜಿಗೆ ಹೊರಗಿನ ಪರಿಶೀಲನಾ ತಂಡ ಬರುವುದಿತ್ತು. ಕಾಲೇಜಿನವರು ಊರಿಗೆ ಏನು ಮಾಡಿದ್ದಾರೆ ಎಂದು ವರದಿಯಲ್ಲಿ ಒಂದು ಭಾಗ ಬರೆಯಬೇಕಿತ್ತು. ಪ್ರಿನ್ಸಿಪಾಲರು ಅದರಲ್ಲಿ ನನ್ನ ಬಸ್ಸಿನ ಸೈಟನ್ನು ಸೇರಿಸಿದ್ದರು. ನನಗೆ ಹಿಗ್ಗು. ಆದರೆ ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಕಾಮರ್ಸಿನ ಮೇಷ್ಟ್ರು ಫೋನು ಹಿಡಿದು ನಗುತ್ತಾ ನನ್ನನ್ನು ಕರೆದರು.

"ಮೇಡಂ, ನಿಮ್ಮ ವೆಬ್‌ಸೈಟಿಗೆ ದೇಶದಾಗ ಎಷ್ಟನೇ ನಂಬರ್ ಐತಿ ಮಾಲೂಮ್ ಏನ್ರಿ?"

"ಇಲ್ರಿ ಸರ್."

"ನಂಬರ ಇಲ್ರಿ! 'ಸಾಕಷ್ಟು ಮಾಹಿತಿ ಇಲ್ಲ' ಅಂತ ಬರಾಕತ್ತೈತಿ. ಅಂದ್ರ ನೀವು, ನಿಮ್ಮಪ್ಪಾರು ಇಬ್ಬರ ನೋಡಾಕತ್ತೀರಿ ಕಾಣತೈತಿ."

ಅದು ಜಗತ್ತಿನ ವೆಬ್‌ಸೈಟುಗಳಿಗೆಲ್ಲ ಜನಪ್ರಿಯತೆಯ ಕ್ರಮಾಂಕ ಕೊಡುವ ಒಂದು ತಾಣ. ಯಾವುದೇ ಸೈಟಿನ ಹೆಸರು ಹಾಕಿದರೆ ಅದಕ್ಕೆ ಎಷ್ಟನೇ ಸ್ಥಾನ, ತಿಂಗಳಿಗೆ ಅಂದಾಜು ಎಷ್ಟು ಜನ ಎಂದು ತೋರಿಸುತ್ತದೆ. ಮೇಷ್ಟ್ರು ಹೋಲಿಕೆಗೆಂದು ಎಲ್ಲ ಊರುಗಳ ಬಸ್ಸಿನ ವೇಳೆ ಕೊಡುವ ಇನ್ನೊಂದು ದೊಡ್ಡ ಸೈಟಿನ ಹೆಸರನ್ನೂ ಹಾಕಿ ತೋರಿಸಿದರು. ಅದಕ್ಕೆ ಬಹಳ ಮೇಲಿನ ಸ್ಥಾನವಿತ್ತು. ಅದರಲ್ಲಿ ಮಸ್ಕಿಯ ಪುಟವೂ ಇತ್ತು. ಕೊಟ್ಟಿದ್ದ ಐದು ಬಸ್ಸುಗಳಲ್ಲಿ ಮೂರು ಓಡುವುದು ನಿಂತೇ ವರ್ಷಗಳಾಗಿದ್ದವು.

ಮೇಷ್ಟ್ರದು ಬರೀ ಚೇಷ್ಟೆ. ಆದರೆ ಅವತ್ತೇ ಸಂಜೆ ಪ್ರಿನ್ಸಿಪಾಲರು ಕರೆಸಿದರು. ಅವರು ಒಳ್ಳೆಯ ಮನುಷ್ಯರು, ಅಂಜುಬುರುಕರು.

"ಮೇಡಂ, ಬ್ಯಾಸರ ಮಾಡ್ಕೋಬ್ಯಾಡ್ರಿ. ಹೊರಗಿನೋರು ಬಂದು ಮೊದಲ ಇದನ್ನ ತೆಗದು ನೋಡತಾರ. ಸೊನ್ನಿ ಕಂಡ್ರ ಕಾಲೇಜಿಗೆ ಕೆಟ್ಟ ಹೆಸರು. ಸದ್ಯ ಅದನ್ನ ವರದಿಯಿಂದ ತೆಗಿಯೋಣ."

"ಆದ್ರ ಮಂದಿ ನೋಡತಾರ್ರಿ ಸರ್. ನಾ ಬಸ್ಸಿನ್ಯಾಗ ಕೇಳತೀನಿ."

"ಕೇಳಿದ್ದನ್ನ ವರದಿಯೊಳಗ ಹೆಂಗ ಬರೀಲಿ?" ಎಂದರು ಅವರು.

ಅವತ್ತು ಬಸ್ಸಿನಲ್ಲಿ ನನಗೆ ಸೀಟು ಸಿಕ್ಕಿದರೂ ಕೂತ ಸುಖವಿರಲಿಲ್ಲ. ಮನೆಗೆ ಬಂದು ಅಪ್ಪನಿಗೆ ಹೇಳಬಾರದು ಎಂದುಕೊಂಡವಳು ಚಹಾ ಕುಡಿಯುವಾಗ ಹೇಳಿಬಿಟ್ಟೆ. ಅಪ್ಪ ಬಟ್ಟಲು ಕೆಳಗಿಟ್ಟ. ಆಮೇಲೆ ಕೇಳಿದ:

"ಅವರು ಎಲ್ಲಿ ನಿಂತು ಎಣಸತಾರವ್ವಾ?"

"ಎಲ್ಲಿ ಅಂದ್ರ?"

"ಅಲ್ಲ, ನಮ್ಮ ಬಸ್ಸಿನ್ಯಾಗ ಮಂದಿ ಎಷ್ಟು ಅಂತ ನಾ ಟಿಕೆಟ್ ಹರದು ಹೇಳತಿದ್ದೆ. ರೋಡಿನ ಬಾಜೂಕ ಚಹಾ ಅಂಗಡಿಯಾಗ ಕುಂತಾಂವ ಕಿಟಕ್ಯಾಗ ನಾಕು ತಲಿ ನೋಡಿ, 'ಇವತ್ತು ಬಸ್ ಖಾಲಿ ಹೊಂಟೈತಿ' ಅಂತಿದ್ದ. ನಡಕ ನಿಂತೋರು ಅವಗ ಕಾಣತಿದ್ದಿಲ್ಲ. ಈ ನಂಬರ್ ಕೊಡೋರು ಬಸ್ಸಿನೊಳಗ ಅದಾರೋ, ಚಹಾ ಅಂಗಡಿಯಾಗ ಅದಾರೋ?"

ಕಂಪ್ಯೂಟರ್ ಕಲಿಸುವವಳು ನಾನು. ಆ ಪ್ರಶ್ನೆಯನ್ನು ಮೊದಲು ನಾನು ಕೇಳಬೇಕಿತ್ತು. ನಂಬರು ಕಂಡ ಕೂಡಲೇ ಅದನ್ನು ಸತ್ಯವೆಂದು ತೆಗೆದುಕೊಂಡು ಮುಖ ಸಣ್ಣ ಮಾಡಿಕೊಂಡು ಬಂದಿದ್ದೆ. ಮುಂದಿನ ಕೆಲವು ದಿನ ಬಸ್ಸಿನಲ್ಲಿ ಓದುವುದಕ್ಕೆ ನನಗೆ ಅದೇ ವಿಷಯವಾಯಿತು.

ಆ ತಾಣ ನಮ್ಮ ಸೈಟಿನ ಒಳಗೆ ಇಣುಕಲಾರದು. ಹೊರಗಿನವರಿಗೆ ನಮ್ಮ ಲೆಕ್ಕ ಕಾಣುವುದಿಲ್ಲ. ಅದು ಮಾಡುವುದಿಷ್ಟು: ತಮ್ಮ ಬ್ರೌಸರಿನಲ್ಲಿ ಅದರದೊಂದು ಸಣ್ಣ ಸಾಧನವನ್ನು ಹಾಕಿಕೊಂಡ ಜನ ಎಲ್ಲೆಲ್ಲಿ ಹೋಗುತ್ತಾರೆ ಎಂದು ಗಮನಿಸುತ್ತದೆ. ಇನ್ನೂ ಬೇರೆ ಕಡೆಯಿಂದ ಒಂದಿಷ್ಟು ಮಾಹಿತಿ ಕೂಡಿಸುತ್ತದೆ. ಆ ಕೆಲವರನ್ನು ನೋಡಿ ಉಳಿದವರೂ ಹೀಗೇ ಇರಬೇಕೆಂದು ಅಂದಾಜು ಕಟ್ಟುತ್ತದೆ. ದೊಡ್ಡ ಸೈಟುಗಳಿಗೆ ಆ ಅಂದಾಜು ಸುಮಾರಾಗಿ ಹೊಂದಬಹುದು, ಯಾಕೆಂದರೆ ಆ ಕೆಲವರಲ್ಲಿ ಹಲವರು ಅಲ್ಲಿಗೆ ಹೋಗಿರುತ್ತಾರೆ. ಆದರೆ ಅಂಥ ಸಾಧನವನ್ನು ಹಾಕಿಕೊಳ್ಳುವವರು ಯಾರು? ಹೆಚ್ಚಾಗಿ ದೊಡ್ಡ ಊರುಗಳಲ್ಲಿ ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡುವವರು. ಮಸ್ಕಿಯ ಬಸ್‌ಸ್ಟ್ಯಾಂಡಿನಲ್ಲಿ ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಫೋನು ಹಿಡಿದ ಹೆಣ್ಣುಮಗಳ ಬ್ರೌಸರಿನಲ್ಲಿ ಅದೆಲ್ಲಿಂದ ಬರಬೇಕು! ಇನ್ನು ಕ್ರಮಾಂಕವೆಂದರೆ ಬೇರೆಯವರ ಜೊತೆಗಿನ ಪಂದ್ಯ. ನಮ್ಮಲ್ಲಿಗೆ ಬರುವವರು ಹೆಚ್ಚಿದರೂ ಬೇರೆಯವರಿಗೆ ಅದಕ್ಕಿಂತ ಹೆಚ್ಚಿದರೆ ನಾವು ಕೆಳಗೇ ಇಳಿಯುತ್ತೇವೆ.

ನಮ್ಮ ಸೈಟು ಇರುವ ಸರ್ವರು ಮಾತ್ರ ಬಾಗಿಲಿಗೆ ಬಂದವರನ್ನೆಲ್ಲ ಬರೆದಿಟ್ಟುಕೊಳ್ಳುತ್ತದೆ. ಆ ದಾಖಲೆಯನ್ನು ನಾನು ಅಲ್ಲಿಯವರೆಗೆ ಬಿಚ್ಚಿ ನೋಡಿರಲಿಲ್ಲ. ಒಂದು ಭಾನುವಾರ ಬಿಚ್ಚಿದೆ. ಮೊದಲು ಕಂಡ ಸಂಖ್ಯೆಯನ್ನು ಎರಡು ಸಲ ಓದಿದೆ. ಅಷ್ಟು ದೊಡ್ಡದು! ಅಪ್ಪನನ್ನು ಕೂಗಿ ಕರೆದೆ. ಆದರೆ ಒಂದೊಂದೇ ಸಾಲು ಓದುತ್ತ ಹೋದ ಹಾಗೆ ಅದರಲ್ಲಿ ಮನುಷ್ಯರಲ್ಲದವರೇ ಬಹಳ ಎಂದು ತಿಳಿಯಿತು. ಹುಡುಕುವ ಯಂತ್ರಗಳು ಹಗಲೂ ರಾತ್ರಿ ಬಂದು ಪುಟ ಮುಟ್ಟಿ ಹೋಗುತ್ತವೆ. ಅವನ್ನು ತೆಗೆದೆ. ಆಮೇಲೆ ನಾನೇ ತಿದ್ದಿ ತಿದ್ದಿ ನೋಡಿದ್ದನ್ನು ತೆಗೆದೆ. ಅಪ್ಪ ದಿನಕ್ಕೆ ಹತ್ತು ಸಲ ತೆರೆಯುತ್ತಾನೆ, ಅದನ್ನೂ ತೆಗೆದೆ.

"ನಂದ್ಯಾಕ ತಗೀತಿ? ನಾ ಮನಶ್ಯಾ ಅಲ್ಲೇನು?" ಎಂದ ಅಪ್ಪ.

"ನೀ ಬಸ್ ಹತ್ತಾಕ ನೋಡಂಗಿಲ್ಲಪ್ಪಾ, ಖುಷಿಗೆ ನೋಡತಿ."

ಎಲ್ಲ ಕಳೆದು ಉಳಿದದ್ದು ಮೊದಲಿನದರ ಸಣ್ಣ ಭಾಗ. ಆದರೂ ದಿನಕ್ಕೆ ಒಂದು ಬಸ್ಸು ತುಂಬಿ ಹೆಚ್ಚಾಗುವಷ್ಟು ಜನ. ಬೆಳಗ್ಗೆ ಐದೂವರೆಯಿಂದ ಎಂಟರವರೆಗೆ ಏರಿ, ಮಧ್ಯಾಹ್ನ ಇಳಿದು, ಸಂಜೆ ನಾಲ್ಕಕ್ಕೆ ಮತ್ತೆ ಏರುವ ಗೆರೆ ಅದು. ಸಂತೆಯ ದಿನ ಎತ್ತರ, ಹಬ್ಬದ ಹಿಂದಿನ ದಿನ ಇನ್ನೂ ಎತ್ತರ. ಅದನ್ನು ನೋಡಿದಾಗ ನನಗೆ ಪರೀಕ್ಷೆಯಲ್ಲಿ ಪಾಸಾದಾಗಲೂ ಆಗದಿದ್ದ ಹೆಮ್ಮೆಯಾಯಿತು. ಅಪ್ಪ ಆ ಗೆರೆಯ ಮೇಲೆ ಬೆರಳಾಡಿಸಿ, "ಇದು ಫಸ್ಟ್ ಗಾಡಿ. ಇದು ಕಾಲೇಜ್ ಗಾಡಿ. ಇದು ಹೊಳ್ಳಿ ಬರೋ ಗಾಡಿ" ಎಂದು ಒಂದೊಂದನ್ನೂ ಗುರುತಿಸಿದ. ಅವನು ಹಚ್ಚಿಕೊಂಡು ದುಡಿದ ದಾರಿ ನನ್ನ ಪರದೆಯ ಮೇಲೆ ಏರಿಳಿಯುತ್ತಿತ್ತು.

ಕಾಲೇಜಿನಲ್ಲಿ ನಾನು ಇದನ್ನೇ ಪಾಠ ಮಾಡಿದೆ. ಹೇಳಿದರೆ ಸಾಲದು, ಮಾಡಿ ನೋಡೋಣ ಎಂದು ವಿದ್ಯಾರ್ಥಿಗಳಿಗೆ ಒಂದು ಪ್ರಯೋಗ ಕೊಟ್ಟೆ. ನಮ್ಮ ಲ್ಯಾಬಿನಲ್ಲಿ ಓಡುವ ಸ್ಥಿತಿಯಲ್ಲಿದ್ದ ಕಂಪ್ಯೂಟರುಗಳಿಗೆಲ್ಲ ಆ ಕ್ರಮಾಂಕದ ತಾಣದ ಸಾಧನ ಹಾಕಿಸಿದೆ. ಪ್ರತಿ ತರಗತಿ ಶುರುವಾಗುವಾಗ ಬಸ್ಸಿನ ಸೈಟು ತೆರೆದು ಮೂರು ಪುಟ ನೋಡಿ ಮುಂದಿನ ಕೆಲಸಕ್ಕೆ ಹೋಗಬೇಕು, ಅಷ್ಟೇ. ತಿಂಗಳು ಕಳೆಯುವಷ್ಟರಲ್ಲಿ 'ಮಾಹಿತಿ ಇಲ್ಲ' ಎಂಬುದು ಹೋಗಿ ಒಂದು ಕ್ರಮಾಂಕ ಬಂತು. ಇನ್ನೊಂದು ತಿಂಗಳಿಗೆ ಅದು ಲಕ್ಷಗಟ್ಟಲೆ ಸ್ಥಾನ ಮೇಲೇರಿತು. ಅದೇ ಎರಡು ತಿಂಗಳಲ್ಲಿ ನಮ್ಮ ಸರ್ವರಿನ ಲೆಕ್ಕ ಮಾತ್ರ ಇದ್ದಲ್ಲೇ ಇತ್ತು. ಲ್ಯಾಬಿನ ಭೇಟಿಗಳನ್ನು ಕಳೆದರೆ ಹೊಸದಾಗಿ ಯಾರೂ ಬಂದಿರಲಿಲ್ಲ. ವಿದ್ಯಾರ್ಥಿಗಳು ಎರಡೂ ಗೆರೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ ಹೋ ಎಂದು ಕೂಗಿದರು. ಒಂದು ಕೋಣೆಯ ಜನ ಇಡೀ ಪಟ್ಟಿಯನ್ನು ಅಲುಗಾಡಿಸಬಹುದು ಎಂಬುದು ಅವರಿಗೆ ಒಂದು ದೊಡ್ಡ ಗೆಲುವಿನಂತೆ ಕಂಡಿತು.

ಸುದ್ದಿ ಪ್ರಿನ್ಸಿಪಾಲರ ಕೋಣೆಗೆ ಅರ್ಧವೇ ಮುಟ್ಟಿತು. ಕ್ರಮಾಂಕ ಏರಿದ್ದು ಮುಟ್ಟಿತು, ಹೇಗೆ ಏರಿತು ಎಂಬುದು ಮುಟ್ಟಲಿಲ್ಲ. ಅವರು ಸಂತೋಷದಿಂದ ತಾವೇ ಲ್ಯಾಬಿಗೆ ಬಂದರು.

"ಮೇಡಂ, ನಾ ಅವತ್ತ ಹೇಳಿದ್ದು ಮರತುಬಿಡ್ರಿ. ಈ ನಂಬರನ್ನ ವರದಿಯೊಳಗ ಮೊದಲನೇ ಹಾಳ್ಯಾಗ ಹಾಕೋಣ. ಗೇಟಿಗೊಂದು ಬ್ಯಾನರ್ ಕಟ್ಟಸೋಣ. ನಿಮ್ಮ ಫೋಟೋ ಕೊಡ್ರಿ."

ಕಾಮರ್ಸಿನ ಮೇಷ್ಟ್ರು ಹಿಂದೆಯೇ ನಿಂತಿದ್ದರು. ಅವತ್ತು ನಕ್ಕವರು ಈಗ ಬಾಯಿ ಮುಚ್ಚಿಕೊಂಡಿದ್ದಾರೆ ಎಂಬುದು ನನಗೆ ಎಷ್ಟು ರುಚಿಯಾಗಿತ್ತೆಂದರೆ, ಒಂದು ಕ್ಷಣ ಸುಮ್ಮನಿದ್ದುಬಿಡೋಣ ಎನ್ನಿಸಿತು. ಸುಳ್ಳೇನೂ ಅಲ್ಲವಲ್ಲ, ಆ ತಾಣವೇ ಕೊಟ್ಟ ನಂಬರು. ಆದರೆ ವಿದ್ಯಾರ್ಥಿಗಳೆಲ್ಲ ನನ್ನನ್ನೇ ನೋಡುತ್ತಿದ್ದರು. ಆ ನಂಬರು ಎಲ್ಲಿಂದ ಬಂತೆಂದು ಅವರಿಗೆ ನನ್ನಷ್ಟೇ ಗೊತ್ತಿತ್ತು.

"ಸರ್, ಅದು ಖರೇ ನಂಬರ ಅಲ್ರಿ. ಈ ಹುಡುಗರು ಈ ಕ್ವಾಣ್ಯಾಗ ಕುಂತು ಮಾಡಿದ್ದು. ಬ್ಯಾನರ್ ಬ್ಯಾಡ್ರಿ."

ಅವರ ಮುಖ ಇಳಿಯಿತು. "ಅದನ್ನ ಯಾರು ಕೇಳತಾರ್ರಿ?"

"ನಾ ಕೇಳ್ಕೋತೀನ್ರಿ ಸರ್. ಅವತ್ತ ಸೊನ್ನಿ ಸುಳ್ಳು ಅಂತ ಹೇಳಿದಾಕಿ ನಾನ. ಇವತ್ತ ಇದನ್ನ ಖರೇ ಅಂತ ಹೆಂಗ ಹೇಳಲಿ?"

ಅವತ್ತೇ ಎಲ್ಲ ಯಂತ್ರಗಳಿಂದ ಆ ಸಾಧನ ತೆಗೆಸಿದೆ. ಕೆಲವೇ ವಾರಗಳಲ್ಲಿ ಕ್ರಮಾಂಕ ಜಾರಿ ಜಾರಿ ಮತ್ತೆ 'ಮಾಹಿತಿ ಇಲ್ಲ' ಎಂಬಲ್ಲಿಗೆ ಬಂತು. ಈ ಸಲ ಅದನ್ನು ನೋಡಿ ನನಗೆ ನಗು ಬಂತು. ಪ್ರಿನ್ಸಿಪಾಲರಿಗೆ ಬರಲಿಲ್ಲ.

ನನ್ನ ಸರ್ವರಿನ ದಾಖಲೆಯೇ ಕಟ್ಟಕಡೆಯ ಸತ್ಯ ಎಂಬ ಗರ್ವದಲ್ಲಿ ನಾನಿದ್ದೆ. ಅದನ್ನು ಇಳಿಸಿದ್ದು ನನ್ನದೇ ಒಂದು ತಪ್ಪು.

ಮಸ್ಕಿಯಿಂದ ಲಿಂಗಸುಗೂರಿಗೆ ಬೆಳಗ್ಗೆ ಆರೂ ಐವತ್ತಕ್ಕೆ ಬಿಡುತ್ತಿದ್ದ ಬಸ್ಸನ್ನು ಆರೂ ಇಪ್ಪತ್ತಕ್ಕೆ ಮಾಡಿದ್ದಾರೆ ಎಂದು ಅಪ್ಪ ಕೇಳಿ ತಿಳಿದು ಹೇಳಿದ. ನಾನು ಸಂಜೆ ಅಡುಗೆ ಮಾಡುತ್ತಾ, ಒಂದು ಕೈಯಲ್ಲಿ ಫೋನು ಹಿಡಿದು ತಿದ್ದಿದೆ. ಆರರ ಬದಲು ಏಳು ಒತ್ತಿದ್ದೆ. ಏಳೂ ಇಪ್ಪತ್ತು. ತಿರುಗಿ ನೋಡಲಿಲ್ಲ.

ಮರುದಿನ ಸಿಂಧನೂರಿನಿಂದ ಏಳಕ್ಕೆ ಬಿಡುವ ನನ್ನ ಬಸ್ಸಿನಲ್ಲಿ ಕೂತಿದ್ದೆ. ಅರ್ಧ ದಾರಿ ಸವೆದಿರಬೇಕು, ಫೋನು ಬಂತು. ಮಸ್ಕಿಯ ಕಂಟ್ರೋಲರು. ಹಿಂದೆ ಅಪ್ಪನ ಜೊತೆ ಕೆಲಸ ಮಾಡಿದವರು, ನನ್ನನ್ನು ಬಲ್ಲವರು.

"ಏನ್ ಬರದೀಯವ್ವಾ ನಿನ್ನ ಸೈಟಿನ್ಯಾಗ? ಆರೂ ಇಪ್ಪತ್ತರ ಗಾಡಿ ಹೋಗಿ ತಾಸು ಮ್ಯಾಲಾತು. ಇಲ್ಲಿ ಮಂದಿ ಏಳೂ ಇಪ್ಪತ್ತಕ್ಕ ಬರತೈತಿ ಅಂತ ನಿಂತಾರ. ನನ್ನ ಮೈಮ್ಯಾಲೆ ಬರಾಕತ್ತಾರ!"

ಪುಟ ತೆರೆದು ನೋಡಿದೆ. ಏಳೂ ಇಪ್ಪತ್ತು ಎಂದೇ ಇತ್ತು. ಬಸ್ಸಿನಲ್ಲೇ ತಿದ್ದಿದೆ, ಆದರೆ ಬಂದು ನಿಂತವರನ್ನು ತಿದ್ದುವುದು ಹೇಗೆ? ನಾನಿದ್ದ ಬಸ್ಸು ಮಸ್ಕಿಯ ಆ ಜನಕ್ಕೆ ಮುಂದಿನ ಬಸ್ಸು. ಅದು ಆಗಲೇ ತುಂಬಿ ಬಾಗಿಲಲ್ಲಿ ಜನ ನೇತಾಡುತ್ತಿದ್ದರು.

ಮಸ್ಕಿಯಲ್ಲಿ ಬಸ್ಸು ನಿಲ್ಲುವ ಮೊದಲೇ ಕಂಡಿತು. ನಲವತ್ತಕ್ಕೂ ಹೆಚ್ಚು ಜನ ಕಂಟ್ರೋಲರ್ ಕೋಣೆಯ ಮುಂದೆ. ನಾನು ಸೀಟು ಬಿಟ್ಟು ಇಳಿದೆ. ಇಳಿಯಲೇಬೇಕೆಂದು ಯಾರೂ ಹೇಳಿರಲಿಲ್ಲ. ಸುಮ್ಮನೆ ಕೂತಿದ್ದರೆ ನಾನು ಯಾರೆಂದೂ ಯಾರಿಗೂ ತಿಳಿಯುತ್ತಿರಲಿಲ್ಲ.

"ಅಕ್ಕಾರ, ಅಣ್ಣಾರ, ತಪ್ಪು ಟೈಮ್ ಹಾಕಿದಾಕಿ ನಾನರಿ. ಆರರ ಬದಲಿ ಏಳು ಅಂತ ಹಾಕೀನಿ. ತಪ್ಪಾತ್ರಿ."

ದವಾಖಾನೆಗೆ ಡ್ಯೂಟಿಗೆ ಹೊರಟಿದ್ದ ನರ್ಸ್ ಒಬ್ಬರು ಮೊದಲು ಬೈದರು. "ತಪ್ಪಾತು ಅಂದ್ರ ಮುಗೀತೇನ್ರಿ? ರಾತ್ರಿ ಡ್ಯೂಟಿ ಮಾಡಿದಾಕಿ ಮನಿಗೆ ಹೋಗಾಕ ಕಾಯಾಕತ್ತಾಳ. ನಾವು ನಿಮ್ಮನ್ನ ನಂಬಿ ಬಂದೀವಿ." ಕೈಯಲ್ಲಿ ಜಮೀನಿನ ಕಾಗದ ಹಿಡಿದ ಹಿರಿಯರೊಬ್ಬರು, "ಎಂದೂ ತಪ್ಪಿದ್ದಿಲ್ಲ ಇದು. ಇವತ್ತ ಏನಾತವ್ವಾ?" ಎಂದರು. ಬೈಗುಳಕ್ಕಿಂತ ಆ ಮಾತೇ ಹೆಚ್ಚು ನೋಯಿಸಿತು. ಅದೇ ಮಾತು ಒಳಗೆಲ್ಲೋ ಹಿತವಾಗಿಯೂ ಇತ್ತು.

ಕಂಟ್ರೋಲರು ಕಂಡಕ್ಟರನಿಗೆ ಹೇಳಿ ಒತ್ತಿ ಒತ್ತಿ ಅರ್ಧ ಜನರನ್ನು ಹತ್ತಿಸಿದರು. ನರ್ಸಮ್ಮ ನನ್ನ ಸೀಟಿನಲ್ಲಿ ಕೂತರು. ಉಳಿದವರ ಜೊತೆ ನಾನು ಮುಂದಿನ ಬಸ್ಸಿಗೆ ನಿಂತೆ. ಸಿಟ್ಟು ಇಳಿದ ಮೇಲೆ ಮಾತು ಶುರುವಾಯಿತು. ನನ್ನೊಳಗಿನ ಮೇಡಂ ಸುಮ್ಮನಿರಲಿಲ್ಲ. ಒಬ್ಬೊಬ್ಬರನ್ನೇ ಕೇಳಿದೆ: "ನೀವು ಟೈಮ್ ಎಲ್ಲಿ ನೋಡಿದ್ರಿ?"

ಕಾಗದ ಹಿಡಿದ ಹಿರಿಯರು ರಸ್ತೆಯಾಚೆಯ ಚಹಾ ಹೋಟೆಲಿನ ಕಡೆ ಕೈ ತೋರಿಸಿದರು. "ಅಲ್ಲಿ ಹಲಿಗಿ ಮ್ಯಾಲೆ ಬರದಿರತಾನಲ್ಲವ್ವಾ."

ನಿಜ. ಹೋಟೆಲಿನ ಗೋಡೆಗೆ ಒಂದು ಕಪ್ಪು ಹಲಗೆ. ಇಡ್ಲಿ, ಪೂರಿ, ಮಿರ್ಚಿಯ ಕೆಳಗೆ ಸುಣ್ಣದ ಕಡ್ಡಿಯಲ್ಲಿ ಬಸ್ಸಿನ ವೇಳೆಗಳು. ನನ್ನ ತಪ್ಪು ಏಳೂ ಇಪ್ಪತ್ತು ಕೂಡ ದುಂಡಗೆ ನಿಂತಿತ್ತು. ಹೋಟೆಲಿನವರು ದಿನಾ ಸಂಜೆ ನಮ್ಮ ಸೈಟು ಒಂದು ಸಲ ತೆರೆದು ಬರೆಯುತ್ತಾರಂತೆ. ಇನ್ನಿಬ್ಬರಿಗೆ ಪುಟದ ಫೋಟೋ ಬಂದಿದ್ದು ಅಕ್ಕಪಕ್ಕದವರ ಫೋನಿನ ಗುಂಪಿನಲ್ಲಿ. ಒಬ್ಬಾಕೆಗೆ ಸಿಂಧನೂರಿನ ತಂಗಿ ಫೋನಿನಲ್ಲಿ ಓದಿ ಹೇಳಿದ್ದಳು. ಟೈಲರಿಂಗ್ ತರಬೇತಿಗೆ ಹೊರಟ ಆರು ಜನ ಹೆಣ್ಣುಮಕ್ಕಳಲ್ಲಿ ನೋಡಿದವಳು ಒಬ್ಬಳು, ಬಂದವರು ಆರು ಜನ.

ಸಂಜೆ ಮನೆಗೆ ಬಂದು ಸರ್ವರಿನ ದಾಖಲೆ ತೆಗೆದೆ. ನಾನು ತಪ್ಪು ಹಾಕಿದ ಹೊತ್ತಿನಿಂದ ತಿದ್ದಿದ ಹೊತ್ತಿನವರೆಗೆ ಮಸ್ಕಿಯ ಪುಟ ತೆರೆದವರು ಒಂಬತ್ತು ಜನ. ಅದರಲ್ಲಿ ಒಂದು ನಾನು, ಒಂದು ವೇಳೆ ಓದದೆ ಖುಷಿಗೆ ತೆರೆದು ಮುಚ್ಚಿದ ಅಪ್ಪ. ಏಳು ಜನ ನೋಡಿದ್ದಕ್ಕೆ ನಲವತ್ತಕ್ಕೂ ಹೆಚ್ಚು ಜನ ಬಂದು ನಿಂತಿದ್ದರು.

ಅಪ್ಪನ ಮುಂದೆ ಕೂತು ನಡೆದದ್ದನ್ನೆಲ್ಲ ಹೇಳಿದೆ. ತಪ್ಪಿಗೆ ಅವನು ಬಿಡಲಿಲ್ಲ, ಚೆನ್ನಾಗಿಯೇ ಬೈದ. "ನಂಬಿದ ಮಂದೀನ ರೋಡಿನ್ಯಾಗ ನಿಂದ್ರಸಬಾರದು. ಒಗ್ಗರಣಿ ಹಾಕ್ಕೋತ ಟೈಮ್ ಬರೀತಾರೇನು?" ಅವತ್ತಿನಿಂದ ನಾನು ತಿದ್ದಿದ್ದನ್ನು ಅವನು ಒಮ್ಮೆ ಗಟ್ಟಿಯಾಗಿ ಓದಿದ ಮೇಲೆಯೇ ಪುಟ ಹೊರಗೆ ಹೋಗುವುದು. ಬೈದು ಮುಗಿಸಿ ಅವನೇ ಹೇಳಿದ:

"ನನ್ನ ಟಿಕೆಟ್ ಲೆಕ್ಕಾನೂ ಪೂರಾ ಇರತಿದ್ದಿಲ್ಲ ಬಿಡವ್ವಾ. ಉಡ್ಯಾಗಿನ ಕೂಸಿಗೆ ಟಿಕೆಟ್ ಇಲ್ಲ. ಆದ್ರ ಆ ಕೂಸಿನ ಸಲುವಾಗೇ ಅವರವ್ವ ದವಾಖಾನಿಗೆ ಹೊಂಟಿರತಿದ್ಲು."

ಪರಿಶೀಲನಾ ತಂಡ ಬರುವ ವಾರ ನಾನು ಪ್ರಿನ್ಸಿಪಾಲರ ಹತ್ತಿರ ಒಂದು ಹಾಳೆ ತೆಗೆದುಕೊಂಡು ಹೋದೆ. ಅದರಲ್ಲಿ ಹೊರಗಿನ ತಾಣದ ಮಾತು ಬರೆದಿದ್ದೆ, ಮಾಹಿತಿ ಇಲ್ಲ ಎಂದು. ಲ್ಯಾಬಿನ ಪ್ರಯೋಗ ಬರೆದಿದ್ದೆ. ಸರ್ವರಿನ ಲೆಕ್ಕ, ಅದರಿಂದ ಏನೇನು ಕಳೆದೆ ಎಂಬುದನ್ನು ಬರೆದಿದ್ದೆ. ಕೊನೆಗೆ ಮಸ್ಕಿಯ ಆ ಬೆಳಗನ್ನು, ನನ್ನ ತಪ್ಪಿನ ಸಮೇತ ಬರೆದಿದ್ದೆ. ಪ್ರಿನ್ಸಿಪಾಲರು ಓದಿ ತಲೆ ಕೆರೆದುಕೊಂಡರು.

"ತಪ್ಪನ್ನೂ ಹಾಕಬೇಕೇನ್ರಿ?"

"ಅದಿಲ್ಲ ಅಂದ್ರ ಉಳಿದಿದ್ದು ನಿಲ್ಲಂಗಿಲ್ರಿ ಸರ್."

ಅವರು ನಿಟ್ಟುಸಿರು ಬಿಟ್ಟು ಹಾಳೆಯನ್ನು ವರದಿಯೊಳಗೆ ಸೇರಿಸಿದರು. ಅವರಂಥ ಅಂಜುಬುರುಕರಿಗೆ ಅದು ಸಣ್ಣ ಧೈರ್ಯವಲ್ಲ.

ಬಂದ ಮೂವರಲ್ಲಿ ಒಬ್ಬರು ದಕ್ಷಿಣದ ಕಡೆಯ ಹಿರಿಯ ಪ್ರಾಧ್ಯಾಪಕಿ. ಹಾಳೆಯನ್ನು ಎರಡು ಸಲ ಓದಿ ನನ್ನನ್ನು ಕರೆಸಿದರು.

"ಹಾಗಾದರೆ ನಿಜವಾಗಿ ಎಷ್ಟು ಜನ ನೋಡ್ತಾರೆ?"

"ಪಕ್ಕಾ ಗೊತ್ತಿಲ್ಲ ಮೇಡಂ. ಹೊರಗಿನ ತಾಣ ಹೇಳೋದು ಬಹಳ ಕಮ್ಮಿ. ನಮ್ಮ ಸರ್ವರ್ ಎಣಿಸೋದು ಪುಟ ತೆರೆದ ಫೋನುಗಳನ್ನ, ಜನರನ್ನಲ್ಲ. ಒಂದು ಫೋನಿನ ಹಿಂದೆ ಒಬ್ಬರಿರಬಹುದು, ಒಂದು ಹೋಟೆಲಿನ ಹಲಗೆ ಇರಬಹುದು."

ಅವರು ಪ್ರಿನ್ಸಿಪಾಲರ ಕಡೆ ತಿರುಗಿ, "ಗೊತ್ತಿಲ್ಲ ಅಂತ ಬರೆದು, ಯಾಕೆ ಗೊತ್ತಿಲ್ಲ ಅಂತಲೂ ಬರೆದಿದ್ದಾರೆ. ಇಂಥ ಹಾಳೆ ನಮಗೆ ಸಿಗೋದು ಅಪರೂಪ" ಎಂದರು. ಪ್ರಿನ್ಸಿಪಾಲರು ಮೊದಲಿಂದಲೂ ಇದೇ ತಮ್ಮ ಅಭಿಪ್ರಾಯವಾಗಿತ್ತು ಎನ್ನುವಂತೆ ತಲೆಯಾಡಿಸಿದರು. ಊಟದ ಹೊತ್ತಿನಲ್ಲಿ ಕಾಮರ್ಸಿನ ಮೇಷ್ಟ್ರು ನನ್ನ ಪಕ್ಕ ಬಂದು ಕೂತು, "ಮೇಡಂ, ನಮ್ಮ ಊರಿನ ಗಾಡಿನೂ ಹಾಕ್ರಿ ಅದರಾಗ. ನಮ್ಮವ್ವ ದಿನಾ ಕೇಳತಾಳ" ಎಂದರು. ಅವರ ಲೇವಡಿಯನ್ನು ನಾನು ಅಲ್ಲಿಗೇ ಬಿಟ್ಟೆ.

ಈಗ ಸೈಟಿನಲ್ಲಿ ಸುತ್ತಲಿನ ಹಳ್ಳಿಗಳ ಪುಟಗಳೂ ಸೇರಿವೆ. ಆ ತಾಣದಲ್ಲಿ ನಮ್ಮ ಹೆಸರು ಹಾಕಿದರೆ ಈಗಲೂ ಮಾಹಿತಿ ಇಲ್ಲ ಎಂದೇ ಬರುತ್ತದೆ. ಅದು ಕೆಟ್ಟ ತಾಣವೆಂದು ನಾನು ವಿದ್ಯಾರ್ಥಿಗಳಿಗೆ ಹೇಳುವುದಿಲ್ಲ. ಅದಕ್ಕೆ ನಮ್ಮ ದಾರಿ ಕಾಣುವುದಿಲ್ಲ, ಅಷ್ಟೇ.

ಹೋದ ನಾಟಿಯ ಹಂಗಾಮಿನಲ್ಲಿ ಒಂದು ಭಾನುವಾರ ಅಪ್ಪನೂ ನಾನೂ ಬಳಗಾನೂರಿಗೆ ಹೋದೆವು. ಅಲ್ಲಿಯ ಬಸ್ಸುಗಳ ವೇಳೆ ಗುರುತು ಹಾಕಿಕೊಳ್ಳುವುದಿತ್ತು. ಗದ್ದೆಯ ಕೆಲಸ ಮುಗಿಸಿ ಬಂದ ಹೆಣ್ಣುಮಕ್ಕಳು ಬೇವಿನ ಮರದ ಕೆಳಗೆ ಸಿಂಧನೂರಿನ ಬಸ್ಸಿಗೆ ಕಾಯುತ್ತಿದ್ದರು. ಹತ್ತು ಹದಿನೈದು ಜನ ಇರಬೇಕು. ಕಾಲಿಗೆ ಒಣಗಿದ ಕೆಸರು. ಅಪ್ಪ ಬರೆಯುವುದನ್ನು ನೋಡಿ ಒಬ್ಬಾಕೆ ಕೇಳಿದಳು:

"ಏನ್ ಬರ‍್ಯಾಕತ್ತೀರಿ ಕಾಕಾ? ಗೌರ್ಮೆಂಟಿನೋರೇನ್ರಿ?"

"ಅಲ್ಲವ್ವಾ. ಬಸ್ಸಿನ ಟೈಮು. ಈಕಿ ನನ್ನ ಮಗಳು. ಫೋನಿನ್ಯಾಗ ಬರೂಹಂಗ ಮಾಡತಾಳ." ಎಲ್ಲರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದ. ನಾನು ತಲೆ ತಗ್ಗಿಸಲಿಲ್ಲ.

"ನಮ್ಮ ಕಡಿ ಫೋನ್ ಎಲ್ಲೈತ್ರಿ? ಇದ್ದಿದ್ದು ಈಕಿ ಒಬ್ಬಾಕಿ ಹಂತ್ಯಾಕ" ಎಂದು ಅವಳು ಪಕ್ಕದವಳನ್ನು ಮುಂದೆ ತಳ್ಳಿದಳು. ಆಕೆ ಸೆರಗಿನಲ್ಲಿ ಕಟ್ಟಿಕೊಂಡಿದ್ದ ಫೋನು ಬಿಚ್ಚಿದಳು. ಗಾಜು ಸೀಳಿತ್ತು. ಸೈಟು ಹೇಗೆ ತೆರೆಯಬೇಕೆಂದು ತೋರಿಸಿಕೊಟ್ಟೆ. ಎರಡೇ ಸಲಕ್ಕೆ ಕಲಿತಳು.

ಮನೆಗೆ ಬಂದು ಬಳಗಾನೂರಿನ ಪುಟ ಹಾಕಿದೆ. ಅಪ್ಪ ಗಟ್ಟಿಯಾಗಿ ಓದಿ ಒಪ್ಪಿದ. ಮರುದಿನ ಸಂಜೆ ದಾಖಲೆ ತೆಗೆದು ನೋಡಿದರೆ ಆ ಪುಟವನ್ನು ತೆರೆದದ್ದು ಒಂದೇ ಒಂದು ಫೋನು, ಗದ್ದೆಯ ಕೆಲಸ ಬಿಡುವ ಹೊತ್ತಿಗೆ. ಅಪ್ಪನಿಗೆ ತೋರಿಸಿದೆ. ಅವನು ಆ ಒಂದರ ಮೇಲೆ ಬೆರಳಿಟ್ಟ.

"ಬಂದ್ರಲ್ಲ ಎಲ್ಲಾರೂ" ಎಂದ.